ಜ್ಯೇಷ್ಠತೆಯ ಸಂಪ್ರದಾಯವೂ ನ್ಯಾಯಮೂರ್ತಿ ಹೆಗ್ಡೆಯವರ ರಾಜೀನಾಮೆಯೂ

ಭಾರತ ರಾಜ್ಯಾಂಗದ 124ನೆಯ ವಿಧಿಯು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ನೇಮಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟು, ಮುಖ್ಯ ನ್ಯಾಯಾಧೀಶರನ್ನುಳಿದು ಮಿಕ್ಕವರ ನೇಮಕದಲ್ಲಿ ಮುಖ್ಯ ನ್ಯಾಯಾಧೀಶರೊಡನೆ ಸಮಾಲೋಚಿಸತಕ್ಕದ್ದೆಂದು ಹೇಳುತ್ತದೆ. ಮುಖ್ಯ ನ್ಯಾಯಾಧೀಶರನ್ನೇ ಆರಿಸುವ ಬಗೆ ಹೇಗೆಂಬ ವಿಷಯದಲ್ಲಿ ಅದು ಮೌನವಾಗಿದೆ. ಈ ಮೌನವನ್ನು ತುಂಬಿದುದು ಜ್ಯೇಷ್ಠತೆಯ ಸಂಪ್ರದಾಯ. 1964ರಲ್ಲಿ ಅನಾರೋಗ್ಯದ ಕಾರಣ ನ್ಯಾಯಮೂರ್ತಿ ಇಮಾಮರನ್ನು ಬಿಟ್ಟುದೊಂದನ್ನು ಕಳೆದರೆ, 1973ರವರೆಗೂ ಈ ಸಂಪ್ರದಾಯವು ಅಭಂಗವಾಗಿ ನಡೆದುಬಂದಿತು. ಅದು ಮುರಿದುಬಿದ್ದ ಸಂದರ್ಭದಲ್ಲಿ ಕನ್ನಡ ನಾಡಿನವರಿಗೆ ಎರಡು ಬಗೆಯ ಸಂಬಂಧವುಂಟು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅವರ ಅರ್ಜಿಯನ್ನು ಕೇಳಿದ ಹದಿಮೂವರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ. ಎಸ್. ಹೆಗ್ಡೆಯವರು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಕಾಸರಗೋಡೂ ಕಾರ್ಕಳವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕುಗಳು. ಅರ್ಜಿದಾರರೂ ನ್ಯಾಯಾಧೀಶರೂ ಒಂದೇ ಜಿಲ್ಲೆಯವರಾಗಿದ್ದುದು ಕೇವಲ ಆಕಸ್ಮಿಕ, ಆದರೂ ಸ್ಮರಣೀಯ.

ಅರುವತ್ತೆಂಟು ದಿನಗಳ ವಾದವನ್ನಾಲಿಸಿ, 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತವು ರಾಜ್ಯಾಂಗವನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಉಂಟಾದರೂ ಅದರ ಮೂಲಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲವೆಂದು ತೀರ್ಮಾನಿಸಿತು. ಮುಖ್ಯ ನ್ಯಾಯಾಧೀಶ ಸಿಕ್ರಿಯವರು ಆಗಲೇ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಅವರ ಅನಂತರದ ಹಿರಿಯರು ಕ್ರಮವಾಗಿ ಶೇಲತ್, ಹೆಗ್ಡೆ, ಗ್ರೋವರ್, ಮೂವರೂ ಬಹುಮತದಲ್ಲಿದ್ದವರು. ತೀರ್ಪಿನ ಮರುದಿನವೇ ಈ ಮೂವರನ್ನೂ ದಾಟಿ, ಅಲ್ಪಮತದಲ್ಲಿದ್ದ ಎ. ಎನ್. ರಾಯ್ ಅವರ ನೇಮಕವು ಘೋಷಿತವಾಯಿತು. ಮೂವರೂ ರಾಜೀನಾಮೆಯಿತ್ತರು. ಹುಟ್ಟಿದ ದಿನಗಳನ್ನು ಲೆಕ್ಕ ಹಾಕಿದರೆ ಒಂದು ಸಂಗತಿ ಗೋಚರಿಸುತ್ತದೆ. ಜ್ಯೇಷ್ಠತೆಯಂತೆ ನಡೆದಿದ್ದರೆ ಶೇಲತರು ಆ ಜುಲೈವರೆಗೆ, ಹೆಗ್ಡೆಯವರು 1974ರ ಜೂನ್‌ವರೆಗೆ, ಗ್ರೋವರರು 1977ರ ಫೆಬ್ರವರಿವರೆಗೆ ಆ ಪೀಠದಲ್ಲಿರುತ್ತಿದ್ದರು. 1977ರ ಜನವರಿಯಲ್ಲಿಯೇ ನಿವೃತ್ತರಾಗಬೇಕಿದ್ದ ರಾಯ್ ಅವರಿಗೆ ಸರದಿಯೇ ಬರುತ್ತಿರಲಿಲ್ಲ.

ಸರ್ಕಾರದ ಸಮರ್ಥನೆಯನ್ನು ಸುಮ್ಮನೆ ತಳ್ಳಿಹಾಕುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಲೋಕಸಭೆಯಲ್ಲಿ ಸಚಿವ ಮೋಹನ ಕುಮಾರಮಂಗಲಂ ಅವರು ಎರಡು ವಾದಗಳನ್ನು ಹೂಡಿದರು. ಮುಖ್ಯ ನ್ಯಾಯಾಧೀಶರ ಆಯ್ಕೆಗೆ ಜ್ಯೇಷ್ಠತೆಯೊಂದೇ ಸಾಲದೆಂದು 1958ರಲ್ಲಿ ಕಾನೂನು ಆಯೋಗವೇ ಹೇಳಿತ್ತೆಂಬುದು ಮೊದಲನೆಯದು, ಇದು ನಿಜ. ನ್ಯಾಯಾಧೀಶನ ಸಾಮಾಜಿಕ ದೃಷ್ಟಿಯನ್ನೂ ಸರ್ಕಾರ ಗಮನಿಸಬೇಕೆಂಬುದು ಎರಡನೆಯದು. ಆದರೆ ಆಯೋಗವು ಬಯಸಿದುದು ಯೋಗ್ಯತೆಯ ಪರೀಕ್ಷೆಯನ್ನೇ ಹೊರತು ಅಭಿಪ್ರಾಯದ ಪರೀಕ್ಷೆಯನ್ನಲ್ಲ. ಆಯೋಗದ ಅಧ್ಯಕ್ಷರಾಗಿದ್ದ ಸೆಟಲ್ವಾಡರೇ 1973ರ ನೇಮಕವನ್ನು ಬಹಿರಂಗವಾಗಿ ಖಂಡಿಸಿದರು.

ಹೆಗ್ಡೆಯವರ ಪೂರ್ವಚರಿತ್ರೆಯು ಈ ವಾದವನ್ನು ಇನ್ನಷ್ಟು ತೊಡಕುಗೊಳಿಸುತ್ತದೆ. 1952ರಿಂದ ಕಾಂಗ್ರೆಸ್ಸಿನ ಪರವಾಗಿ ರಾಜ್ಯಸಭೆಯ ಸದಸ್ಯರಾಗಿದ್ದ ಅವರು 1957ರಲ್ಲಿ ಆ ಸ್ಥಾನವನ್ನು ಬಿಟ್ಟು ನೇರವಾಗಿ ಮೈಸೂರು ಉಚ್ಚ ನ್ಯಾಯಾಲಯದ ಪೀಠವನ್ನೇರಿದವರು. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿ, 1967ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದವರು. ರಾಜಕೀಯದ ಸೋಂಕಿಲ್ಲದ ನೇಮಕವೆಂದು ಇದನ್ನು ಹೇಳುವಂತಿಲ್ಲ. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಗೆದ್ದು ಅವರು ಲೋಕಸಭೆಯ ಅಧ್ಯಕ್ಷರೂ ಆದರು. ಆದರೆ ನ್ಯಾಯಾಧೀಶನು ಎಲ್ಲಿಂದ ಬಂದನೆಂಬುದು ಬೇರೆ, ಕೊಟ್ಟ ತೀರ್ಪಿಗಾಗಿ ಅವನ ಪದವಿ ತಪ್ಪಿತೇ ಎಂಬುದು ಬೇರೆ. ತಮ್ಮನ್ನು ಬೆಳೆಸಿದ ಪಕ್ಷದ ಸರ್ಕಾರಕ್ಕೆ ವಿರುದ್ಧವಾಗಿ ತೀರ್ಪಿತ್ತ ಹೆಗ್ಡೆಯವರೇ ಈ ಭೇದಕ್ಕೆ ಉತ್ತಮ ನಿದರ್ಶನ. ಇದೆಲ್ಲ ದೆಹಲಿಯ ಮಾತು, ತ್ಯಾಮಗೊಂಡ್ಲಿನ ರೈತನಿಗೆ ಇದರಿಂದೇನು ಎಂದು ಕೇಳಬಹುದು. ಅವನು ಜಮೀನಿನ ವಿಷಯವಾಗಿ ಸರ್ಕಾರದೊಡನೆ ವ್ಯಾಜ್ಯ ಹೂಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರೆ, ಕಡೆಗೆ ಅದನ್ನು ತೀರ್ಮಾನಿಸುವವರ ಬಡ್ತಿಯು ಅವನ ಎದುರುಕಕ್ಷಿಯ ಕೈಯಲ್ಲಿರುತ್ತದೆ!

1977ರ ಜನವರಿಯಲ್ಲಿ ಖನ್ನಾ ಅವರನ್ನು ದಾಟಿ ಬೇಗ್ ಅವರನ್ನು ನೇಮಿಸಿದಾಗ ಇದು ಮತ್ತೆ ಕಂಡಿತು. ತುರ್ತುಪರಿಸ್ಥಿತಿಯ ಬಂಧನಗಳ ವಿಚಾರದಲ್ಲಿ 1976ರಲ್ಲಿ ಏಕಾಕಿಯಾಗಿ ಭಿನ್ನಮತವಿತ್ತವರು ಖನ್ನಾ. 1978ರಲ್ಲಿ ಜನತಾ ಸರ್ಕಾರವು ಜ್ಯೇಷ್ಠತೆಗೆ ಮರಳಿತು. 1981ರಲ್ಲಿ ಕಾರ್ಯಾಂಗದ ಮಾತೇ ಕೊನೆಯದೆಂದು ಒಪ್ಪಿದ್ದ ಸರ್ವೋಚ್ಚ ನ್ಯಾಯಾಲಯವು, ಕನ್ನಡಿಗರಾದ ಎಂ. ಎನ್. ವೆಂಕಟಾಚಲಯ್ಯನವರು ಮುಖ್ಯ ನ್ಯಾಯಾಧೀಶರಾಗಿದ್ದ 1993ರಲ್ಲಿ, ಅದನ್ನು ತಿರುಗಿಸಿ ನೇಮಕದ ಪ್ರಾಧಾನ್ಯವನ್ನು ಹಿರಿಯ ನ್ಯಾಯಾಧೀಶರಿಗೆ ವಹಿಸಿತು. ಇದನ್ನು ಬದಲಿಸಹೊರಟ 2014ರ ತಿದ್ದುಪಡಿಯು 2015ರಲ್ಲಿ ರದ್ದಾಯಿತು; ಅದಕ್ಕೆ ಆಧಾರವಾದುದು ಎಡನೀರಿನ ಅರ್ಜಿಯಿಂದ ಹುಟ್ಟಿದ ಮೂಲಸ್ವರೂಪದ ತತ್ತ್ವವೇ. ಮುಖ್ಯ ನ್ಯಾಯಾಧೀಶನೂ ಸಾಮಾನ್ಯರಂತೆ ಲೋಪದೋಷಗಳುಳ್ಳ ಮನುಷ್ಯನಾದುದರಿಂದ ಅವನ ಒಪ್ಪಿಗೆಯೇ ಅಂತಿಮವಾಗುವುದು ಸಲ್ಲದೆಂದು 1949ರ ಮೇ 24ರಂದು ಅಂಬೇಡ್ಕರರು ರಾಜ್ಯಾಂಗ ಸಭೆಯಲ್ಲಿ ನುಡಿದಿದ್ದರು. ಕಾರ್ಯಾಂಗಕ್ಕೆ ಅಂಕೆಯಿಲ್ಲದ ಅಧಿಕಾರವನ್ನೀಯುವುದೂ ಅಪಾಯಕರವೆಂದು ಅದೇ ಭಾಷಣದಲ್ಲಿ ಹೇಳಿದ್ದರು.