ನಾಲ್ಕು ಅಕ್ಷರಗಳ ಚರಿತ್ರೆ

ನಮ್ಮ ಕಛೇರಿಗೆ ಹೊಸದಾಗಿ ಬಂದ ತರುಣರೊಬ್ಬರು ಮೊನ್ನೆ ನಾನು ಕೆಲಸ ಮಾಡುವುದನ್ನು ತುಸು ಹೊತ್ತು ನೋಡುತ್ತಿದ್ದು, ನಗು ತಡೆಯಲಾರದೆ ಕೇಳಿದರು: "ಸಾರ್, ಕೀಲಿಮಣೆಯಲ್ಲಿ ಬಾಣದ ಗುರುತಿನ ಕೀಲಿಗಳಿವೆಯಲ್ಲ! ಮೇಲೆ ಕೆಳಗೆ ಹೋಗುವುದಕ್ಕೆ ನೀವೇಕೆ ಅಕ್ಷರಗಳನ್ನು ಒತ್ತುತ್ತೀರಿ?"

ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು. ಬಡಗಿಗೆ ತನ್ನ ಉಳಿಯ ಮೇಲಿರುವ ಮೋಹ ನನಗೆ 'ವಿಐ' ಎಂಬ ಎಡಿಟರಿನ ಮೇಲಿದೆ. ಬರೆದದ್ದನ್ನು ತಿದ್ದುವ ಸಲಕರಣೆ ಅದು. ಅದರಲ್ಲಿ ಎಡಕ್ಕೆ ಸರಿಯಲು ಎಚ್, ಕೆಳಕ್ಕೆ ಜೆ, ಮೇಲಕ್ಕೆ ಕೆ, ಬಲಕ್ಕೆ ಎಲ್. ವಿಚಿತ್ರವೆಂದು ತೋರಬಹುದು, ಆದರೆ ಈ ನಾಲ್ಕು ಅಕ್ಷರಗಳಿಗೆ ಒಂದು ಚರಿತ್ರೆಯಿದೆ.

ಕಥೆ ಆರಂಭವಾಗುವುದು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. 1969ರಲ್ಲಿ ಅಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್ ವ್ಯವಸ್ಥೆಗೆ ಅಡಿಪಾಯ ಹಾಕುವಾಗ 'ಇಡಿ' ಎಂಬ ಎಡಿಟರನ್ನೂ ಬರೆದರು. ಅಂದಿನವರ ಮುಂದಿದ್ದುದು ಪರದೆಯಲ್ಲ, ಟೆಲಿಟೈಪ್ ಯಂತ್ರ. ಅದು ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರಗಳಂತೆ ಕಟಕಟನೆ ಅಚ್ಚು ಹಾಕುತ್ತಿತ್ತು. ಇಂಥ ಯಂತ್ರದೊಡನೆ ಮಾತು ಬೆಳೆಸಿದರೆ ಹೊತ್ತು ಮುಳುಗುತ್ತದೆ. ಆದ್ದರಿಂದ ಇಡಿ ಮಹಾ ಮಿತಭಾಷಿ. ತಪ್ಪು ಮಾಡಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೆ. ಏನು ತಪ್ಪೆಂಬುದನ್ನು ಬರೆದವನೇ ಯೋಚಿಸಬೇಕು.

ಮುಂದೆ ಪರದೆಯುಳ್ಳ ಟರ್ಮಿನಲ್‌ಗಳು ಬಂದವು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ 1976ರ ಸುಮಾರಿಗೆ ವಿಐ ಬರೆಯತೊಡಗಿದಾಗ ಅವರ ಮುಂದಿದ್ದುದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣಗಳಿಗೆ ಬೇರೆ ಕೀಲಿಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣಗಳನ್ನು ಬಿಡಿಸಿದ್ದರು. ಅದೂ ಮನಬಂದಂತಲ್ಲ. 1960ರ ದಶಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತಪದ್ಧತಿಯಲ್ಲಿ 'ಒಂದು ಸ್ಥಾನ ಹಿಂದಕ್ಕೆ' ಎಂಬ ಆಜ್ಞೆಯ ಸಂಖ್ಯೆ 8, 'ಒಂದು ಸಾಲು ಕೆಳಕ್ಕೆ' ಎಂಬುದರ ಸಂಖ್ಯೆ 10. ಇಂಗ್ಲಿಷ್ ವರ್ಣಮಾಲೆಯಲ್ಲಿ ಎಚ್ ಎಂಟನೆಯ ಅಕ್ಷರ, ಜೆ ಹತ್ತನೆಯದು. ನೆರೆಯ ಕೆ, ಎಲ್ ಅಕ್ಷರಗಳಿಗೆ ಉಳಿದೆರಡು ದಿಕ್ಕುಗಳು ಸಂದವು.

ಜಾಯ್ ಬಳಸುತ್ತಿದ್ದ ಮೋಡೆಮ್ ಟೆಲಿಫೋನ್ ತಂತಿಯ ಮೇಲೆ ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರಗಳನ್ನು ಸಾಗಿಸುತ್ತಿತ್ತು. 24 ಸಾಲು, ಸಾಲಿಗೆ 80 ಅಕ್ಷರ. ಪರದೆ ತುಂಬಬೇಕಾದರೆ ಒಂದು ನಿಮಿಷಕ್ಕೂ ಮಿಕ್ಕ ಕಾಲ! ಈ ಬಡತನದಲ್ಲಿ ಒಂದೊಂದು ಅಕ್ಷರವೂ ಬೆಲೆಬಾಳುವುದು. ಆದ್ದರಿಂದಲೇ ವಿಐ ಆಜ್ಞೆಗಳು ಒಂದೆರಡು ಅಕ್ಷರಗಳಲ್ಲಿ ಮುಗಿಯುತ್ತವೆ. ಒಂದು ಸಾಲನ್ನು ಅಳಿಸಲು ಡಿ ಅಕ್ಷರವನ್ನು ಎರಡು ಸಲ ಒತ್ತಿದರೆ ಸಾಕು.

ಎಲ್ಲವೂ ಒಳ್ಳೆಯದೇ ಎಂದು ವಾದಿಸಲಾರೆ. ಬರೆಯುವುದನ್ನು ನಿಲ್ಲಿಸಿ ಆಜ್ಞೆ ಕೊಡಬೇಕಾದಾಗಲೆಲ್ಲ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ಎಡಿಎಂ-3ಎಯಲ್ಲಿ ಅದು ಕ್ಯೂ ಅಕ್ಷರದ ಪಕ್ಕದಲ್ಲೇ ಇತ್ತು. ಇಂದಿನ ಕೀಲಿಮಣೆಗಳಲ್ಲಿ ಅದು ದೂರದ ಮೂಲೆ ಸೇರಿದೆ. ಯಂತ್ರ ಬದಲಾಯಿತು, ರೂಢಿ ಬದಲಾಗಲಿಲ್ಲ. ಕಷ್ಟ ನನ್ನ ಕಿರುಬೆರಳಿಗೆ.

ಆದರೂ ಇದನ್ನು ಬಿಡಲಾರೆ. ಬರಿಯ ಅಭ್ಯಾಸಬಲ ಎಂದರೆ ಅರ್ಧ ಒಪ್ಪುತ್ತೇನೆ. ಉಳಿದರ್ಧ ಕೃತಜ್ಞತೆ. ಇಂದು ನಾನು ಬಳಸುವುದು ವಿಐ ವಂಶದ 'ವಿಮ್'. ಡಚ್ಚರಾದ ಬ್ರಾಮ್ ಮೊಲೆನಾರ್ ಅದನ್ನು 1991ರಲ್ಲಿ ಹೊರತಂದು, 2023ರಲ್ಲಿ ತೀರಿಕೊಳ್ಳುವವರೆಗೂ ಸಾಕಿ ಸಲಹಿದರು. ಅದಕ್ಕೆ ಬೆಲೆ ಕೇಳಲಿಲ್ಲ. ಮನಸ್ಸಿದ್ದವರು ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂದು ಮಾತ್ರ ಕೇಳಿಕೊಂಡರು. ಬರಿದಾದ ವಿಮ್ ತೆರೆದರೆ ಆ ಕೋರಿಕೆ ಇಂದಿಗೂ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ, ನನ್ನ ಸಲಕರಣೆ ಯಾರೋ ಮನುಷ್ಯರು ಕೈಯಾರೆ ಮಾಡಿಕೊಟ್ಟದ್ದು ಎಂಬುದು ನೆನಪಾಗುತ್ತದೆ.

ಇಷ್ಟನ್ನೂ ಆ ತರುಣರಿಗೆ ಹೇಳಿದೆ. ಅವರು ತಲೆದೂಗಿ ಹೊರಟುಹೋದರು. ಮರುದಿನ ಬೆಳಗ್ಗೆ ನನ್ನ ಮೇಜಿನ ಬಳಿ ಬಂದು, ತುಸು ಸಂಕೋಚದಿಂದ, "ಸಾರ್, ರಾತ್ರಿ ತೆರೆದು ನೋಡಿದೆ. ಇದರೊಳಗಿಂದ ಹೊರಗೆ ಬರುವುದು ಹೇಗೆ?" ಎಂದರು. ಮೊದಲ ದಿನ ನಾನೂ ಅಭಿಮನ್ಯುವೇ ಆಗಿದ್ದೆ. ಕುರ್ಚಿ ಎಳೆದು ಕೂರಿಸಿಕೊಂಡೆ.