ತೇಗದ ಸೀಮೆಯ ಮನೆತನದ ಮನೆಗಳು: ಒಂದು ವಿವೇಚನೆ

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ವಿಲಿಯಂ ಮಾರಿಸನಿಗಾಗಿ ಫಿಲಿಪ್ ವೆಬ್ಬನು 1859ರಲ್ಲಿ ರಚಿಸಿದ ‘ರೆಡ್ ಹೌಸ್’, ಮನೆಯೆಂಬುದು ಯಂತ್ರದ ದಾಸ್ಯಕ್ಕೊಳಗಾಗದೆ ಕುಶಲಿಯ ಕೈಯಲ್ಲಿಯೇ ಮೈದಾಳತಕ್ಕದ್ದೆಂಬ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಪಂಥಕ್ಕೆ ಆದಿಗೃಹವೆನಿಸಿತು. ಆ ಪಂಥವು ಸಿದ್ಧಾಂತವಾಗಿ ಸಾರಿದುದನ್ನು ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಬಡಗಿಗಳು ವೃತ್ತಿಧರ್ಮವಾಗಿ ಆಚರಿಸುತ್ತಿದ್ದರೆಂಬುದೂ, ಆ ಧರ್ಮವು ಯಂತ್ರದ ಹೆಂಚಿನೊಡನೆ ಸಂಧಿ ಮಾಡಿಕೊಂಡು ಬಾಳಿತೆಂಬುದೂ ಈ ಲೇಖನದ ಪ್ರತಿಪಾದ್ಯ.

ಈ ಸೀಮೆಯ ಮನೆತನದ ಮನೆಯೊಂದರ ಪಡಸಾಲೆಯಲ್ಲಿ ಕಂಬವೂ ತೊಲೆಯೂ ಕೂಡುವೆಡೆಯನ್ನು ನೋಡಬೇಕು: ತೊಲೆಯ ತುದಿಯನ್ನು ಸಣ್ಣಗೆ ಕೆತ್ತಿ, ಕಂಬದ ತೂತಿನಲ್ಲಿ ಕೂರಿಸಿ, ಮರದ ಬೆಣೆಯನ್ನೇ ಬಡಿದು ಬಿಗಿದಿರುವುದರಿಂದ, ಮಳೆಗಾಲದಲ್ಲಿ ಮರ ಉಬ್ಬಿದಷ್ಟೂ ಆ ಸಂದು ಬಿಗಿಯಾಗುತ್ತದೆ. ಮೊಳೆ ಇಲ್ಲದ ಈ ಕೆಲಸದಲ್ಲಿ ಎಂಥ ವಿವೇಕ!

1865ನೆಯ ಇಸವಿಯು ಇಲ್ಲಿ ವಿಶೇಷವಾಗಿ ಪರಿಶೀಲನಾರ್ಹ. ಮಾರಿಸನು ತನ್ನ ಮನೆಯನ್ನು ತೊರೆದುದು ಆ ವರ್ಷ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು ಆ ವರ್ಷ. ಹಿಂದುಸ್ಥಾನದ ಪ್ರಥಮ ಅರಣ್ಯಶಾಸನವು ಹುಟ್ಟಿದುದೂ ಆ ವರ್ಷವೇ. ಮೊದಲನೆಯದು ಕೇವಲ ಕಾಕತಾಳೀಯ. ಉಳಿದೆರಡು ಮನೆಯ ಮೈಕಟ್ಟನ್ನೇ ಬದಲಿಸಿದುವು. ವರ್ಷವರ್ಷವೂ ಮಳೆಗೆ ಮುನ್ನ ಕೈಯಾಡಿಸಬೇಕಾದ ನಾಡಹೆಂಚಿನ ಎಡೆಯಲ್ಲಿ, ಒಂದಕ್ಕೊಂದು ಕಚ್ಚಿ ಕೂರುವ ಮಂಗಳೂರು ಹೆಂಚು ಬಂದಿತು. ಇತ್ತ, 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿದ ಉತ್ತರ ಕನ್ನಡದಲ್ಲಿ, ತೇಗದ ಮೇಲೆ ಕಂಪನಿ ಸರ್ಕಾರವು ಮುಂಚೆಯೇ ಸಾಧಿಸಿದ್ದ ಹಕ್ಕು 1878ರ ಅರಣ್ಯ ಕಾಯಿದೆಯಿಂದ ಮತ್ತಷ್ಟು ದೃಢವಾಗಿ, ಮನೆಗೆ ಬೇಕಾದ ಮರವು ಪರವಾನಗಿ ಮತ್ತು ಡಿಪೋಗಳ ಹಾದಿ ಹಿಡಿಯಿತು. ಕಂಬಗಳು ತೇಗದವಾಗಿದ್ದು, ತರುವಾಯ ಸೇರಿಸಿದ ಅಟ್ಟ ಮತ್ತಿಯದೋ ನಂದಿಯದೋ ಆಗಿದ್ದರೆ, ಆ ಭೇದವನ್ನು ಬಡಗಿಯ ಅಭಿರುಚಿಗಿಂತ ಶಾಸನದ ಗುರುತೆಂದು ಓದುವುದೇ ಯುಕ್ತವೆಂದು ನನ್ನ ಮತ.

ಪ್ರದೇಶಭೇದವೂ ಉಂಟು. ಜೋಯಿಡಾದ ಘಟ್ಟದ ಮಳೆಗೆ ಇಳಿಜಾರು ಮಾಡು ಅನಿವಾರ್ಯ. ಮುಂಡಗೋಡದಿಂದ ಮೂಡಲಿಗೆ ಸಾಗಿದಂತೆ ಧಾರವಾಡ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳು ಎದುರಾಗುತ್ತವೆ.

ಕಾಳೀ ಪಾಂಡರಿಗಳ ಸಂಗಮದಲ್ಲಿದ್ದು, ಇಂದಿನ ಜೋಯಿಡಾ ತಾಲೂಕಿಗೆ ಹಿಂದೆ ತನ್ನ ಹೆಸರನ್ನಿತ್ತಿದ್ದ ಸೂಪಾ ಪಟ್ಟಣವು ಗಣೇಶಗುಡಿಯ ಅಣೆಕಟ್ಟಿನ ಜಲರಾಶಿಯಲ್ಲಿ ಮುಳುಗಿ, ಕುಟುಂಬಗಳು ರಾಮನಗರವೇ ಮೊದಲಾದೆಡೆಗೆ ತೆರಳಬೇಕಾಯಿತು; ಇಂದು ಅಲ್ಲಿ ಅಳೆಯಲು ಮನೆಯೇ ಇಲ್ಲ. ಆದಕಾರಣ, ಉಳಿದ ಮನೆಗಳನ್ನು ಕೆಡಹುವ ಮುನ್ನ ಅವುಗಳ ನಕಾಶೆಯನ್ನು ತೆಗೆದು, ಹೆಂಚಿನ ಅಡಿಯಲ್ಲಿ ಒತ್ತಿದ ಕಾರ್ಖಾನೆಯ ಮುದ್ರೆ, ತೊಲೆಯ ಮೇಲಿನ ಬಾಚಿಯ ಗಾಯ, ಮನೆತನದ ವಾಟ್ಣಿಪತ್ರ (ಪಾಲುಪತ್ರ) ಇವುಗಳನ್ನು ಒಂದರೊಡನೊಂದು ಹೋಲಿಸಿ, ಗೋಡೆಗೋಡೆಗೂ ಕಾಲನಿರ್ಣಯ ಮಾಡುವ ಕಾರ್ಯವು ಹಳಿಯಾಳದಿಂದಲೇ ಆರಂಭವಾಗಬೇಕು.