ಗರಿಯಲ್ಲಿ ಉಳಿದಿದ್ದ ಸಾಕ್ಷ್ಯ

1964ರಲ್ಲಿ ಸ್ಟಾಕ್‌ಹೋಮ್‌ನ ರಸಾಯನ ವಿಜ್ಞಾನಿ ಸೋರೆನ್ ಯೆನ್ಸನ್ ಜೀವಿಗಳ ದೇಹದಲ್ಲಿ ಡಿಡಿಟಿ ಎಂಬ ಕೀಟನಾಶಕ ಎಷ್ಟಿದೆಯೆಂದು ಅಳೆಯತೊಡಗಿದ್ದರು. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದ ಕಾಗದದಲ್ಲಿ ಡಿಡಿಟಿಯ ಗೆರೆಗಳ ಪಕ್ಕದಲ್ಲೇ ಗುರುತು ಸಿಗದ ಬೇರೆ ಗೆರೆಗಳೂ ಮೂಡಿದವು. ಇನ್ನೊಂದು ಕೀಟನಾಶಕವೇ?

ಸುಳಿವು ಸಿಕ್ಕಿದ್ದು ಮ್ಯೂಸಿಯಂನಲ್ಲಿ. ಅಲ್ಲಿ ಕಾಪಿಟ್ಟಿದ್ದ ಬಿಳಿಬಾಲದ ಕಡಲಹದ್ದಿನ 1944ರ ಗರಿಯಲ್ಲೂ ಅದೇ ವಸ್ತು ಇತ್ತು. ಡಿಡಿಟಿ ಇನ್ನೂ ಹೊಲಗಳಿಗೆ ಹರಡಿರದ ಕಾಲವದು. ಅಂದಮೇಲೆ ಮೂಲವನ್ನು ಕಾರ್ಖಾನೆಗಳಲ್ಲಿ ಹುಡುಕಬೇಕಿತ್ತು. 1966ರಲ್ಲಿ ಹೆಸರು ಹೊರಬಂತು: ಪಿಸಿಬಿ. 1929ರಿಂದ ತಯಾರಾಗುತ್ತಿದ್ದ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲೂ ಬಣ್ಣಗಳಲ್ಲೂ ಸೇರಿದ್ದ ರಾಸಾಯನಿಕ.

ಪಿಸಿಬಿ ನೀರಿನಲ್ಲಿ ಅಷ್ಟಾಗಿ ಕರಗದು, ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಹದ್ದಿಗೆ ದಾಟುತ್ತಾ ಅದರ ಪ್ರಮಾಣ ಏರುತ್ತದೆ. ನೀರನ್ನಷ್ಟೇ ಪರೀಕ್ಷಿಸಿ ಅಪಾಯವಿಲ್ಲ ಎನ್ನುವುದು ಎಷ್ಟು ಪೊಳ್ಳೆಂದು ಬಾಲ್ಟಿಕ್ ತೀರದ ಹದ್ದುಗಳ ಮರಿಯಿಲ್ಲದ ಗೂಡುಗಳು ತೋರಿಸಿದವು. ಆ ನಷ್ಟದಲ್ಲಿ ಡಿಡಿಟಿಯ ಪಾಲೂ ದೊಡ್ಡದಿತ್ತು.

1970ರ ದಶಕದಲ್ಲಿ ಸ್ವೀಡನ್ನಿನ ಪಕ್ಷಿಪ್ರಿಯರು ಚಳಿಗಾಲದಲ್ಲಿ ಹದ್ದುಗಳಿಗೆಂದೇ ವಿಷವಿಲ್ಲದ ಮಾಂಸ ತಂದಿಟ್ಟರು. ಈ ರಾಸಾಯನಿಕಗಳ ಮೇಲೆ ನಿರ್ಬಂಧಗಳೂ ಬಂದವು, 1980ರ ದಶಕದಿಂದ ಗೂಡುಗಳಲ್ಲಿ ಮರಿಗಳು ಹೆಚ್ಚತೊಡಗಿದವು. ಪಿಸಿಬಿ ನಿರ್ಮೂಲನೆಯ ಒಪ್ಪಂದಕ್ಕೆ ದೇಶಗಳು 2001ರಲ್ಲಿ ಸಹಿ ಹಾಕಿದ್ದೂ ಸ್ಟಾಕ್‌ಹೋಮ್‌ನಲ್ಲೇ. ಭಾರತ ಅದನ್ನು 2006ರಲ್ಲಿ ಅನುಮೋದಿಸಿತು.